ಕಾಮಾ ಹಾಕುವ ಮುನ್ನ

“ಕಾಮಾ ಎಲ್ಲಿ ಹಾಕಬೇಕು ಮೇಷ್ಟ್ರೇ?” ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಹಾಕುವ ಮುನ್ನ ಆ ಜಾಗದಲ್ಲಿ ಕನ್ನಡ ತಾನೇ ಏನಾದರೂ ಮಾಡಿಟ್ಟಿದೆಯೇ ನೋಡಿಕೋ ಮಗು. ಬಹಳ ಕಡೆ ಮಾಡಿಟ್ಟಿರುತ್ತದೆ. ಒಂದು ಪ್ರತ್ಯಯ ಅಂಟಿಕೊಂಡಿರುತ್ತದೆ, ಇಲ್ಲವೇ ಪದಗಳ ಕ್ರಮವೇ ಕೆಲಸ ಮುಗಿಸಿರುತ್ತದೆ. ಉಳಿದ ಜಾಗಗಳಲ್ಲಿ ಎರಡು ಬಗೆ. ಕೆಲವು ಕಡೆ ಕಾಮಾ ಇಲ್ಲದಿದ್ದರೆ ಅರ್ಥವೇ ಕೆಡುತ್ತದೆ. ಇನ್ನು ಕೆಲವು ಕಡೆ ಅದು ಬರೆಯುವವರ ಇಷ್ಟ. ಈ ಮೂರನ್ನೂ ಬಿಡಿಸಿ ನೋಡಲು ಕಲಿತರೆ ಅನುಮಾನ ಪೂರ್ತಿ ಹೋಗುವುದಿಲ್ಲ. ಎಲ್ಲಿ ಅನುಮಾನಪಡಬೇಕು ಎಂಬುದು ಮಾತ್ರ ಗೊತ್ತಾಗುತ್ತದೆ. ಅಷ್ಟಾದರೆ ಸಾಕು.

ನಾನು ಹೇಳುವುದರಲ್ಲಿ ವ್ಯಾಕರಣ ಎಷ್ಟು, ನನ್ನ ಅಭ್ಯಾಸ ಎಷ್ಟು ಎಂಬುದನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ. ತಮ್ಮ ಅಭ್ಯಾಸವನ್ನೇ ನಿಯಮ ಎಂದು ಹೇಳಿ ಮಕ್ಕಳ ಮೇಲೆ ಹೇರುವ ಚಾಳಿ ನಮ್ಮ ಮೇಷ್ಟ್ರುಗಳಿಗೆ ಉಂಟು. ಅದನ್ನು ನಂಬಿ ಕೆಂಪು ಶಾಯಿಗೆ ಹೆದರಿ ಬರೆಯುವುದನ್ನೇ ಬಿಟ್ಟವರೂ ಉಂಟು.

ಮೊದಲು ಈ ಚಿಹ್ನೆಯ ವಯಸ್ಸು ತಿಳಿದಿರಲಿ. ಮುಳಬಾಗಿಲಿನಿಂದ ಆವನಿಗೆ ಹೋಗಿ ಅಲ್ಲಿನ ಹಳೆಯ ಶಾಸನದ ಕಲ್ಲೊಂದರ ಮುಂದೆ ನಿಂತು ನೋಡು. ಅಕ್ಷರದ ಪಕ್ಕ ಅಕ್ಷರ, ಸಾಲಿನ ಕೆಳಗೆ ಸಾಲು. ಒಂದು ಪದ ಮುಗಿದು ಇನ್ನೊಂದು ಶುರುವಾಯಿತು ಎಂದು ತೋರಿಸುವ ಖಾಲಿ ಜಾಗವೂ ಇಲ್ಲ. ನಮ್ಮ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಅಚ್ಚು ಮಾಡಿಸಿದರು. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯ ಶಾಸನಗಳು ಅದರಲ್ಲಿವೆ. ಕೆತ್ತಿದವನು ಬಿಡಿಸದೆ ಬಿಟ್ಟಿದ್ದನ್ನು ಓದಿದವರೇ ಪದಪದವಾಗಿ ಬಿಡಿಸಬೇಕಾಯಿತು. ಓಲೆಗರಿಗಳ ಕತೆಯೂ ಅದೇ. ಪದ್ಯದ ಕೊನೆಗೆ ಒಂದು ದಂಡ, ಎರಡು ದಂಡ, ಅಷ್ಟೇ. ಆ ದಂಡ ಈಗಲೂ ಸತ್ತಿಲ್ಲ. ಮದುವೆಯ ಲಗ್ನಪತ್ರಿಕೆ ತೆಗೆದು ನೋಡಿದರೆ ‘ಚಿ॥’, ‘ಸೌ॥’ ಎಂದು ಹುಡುಗ ಹುಡುಗಿಯ ಹೆಸರಿನ ಹಿಂದೆ ನಿಂತಿರುತ್ತದೆ.

ಹಾಗಾದರೆ ನಮ್ಮ ಹಿರಿಯರು ಎಲ್ಲಿ ನಿಲ್ಲಿಸಿ ಓದುತ್ತಿದ್ದರು? ನಿಲ್ಲಿಸುವ ಕೆಲಸ ಬಾಯಿಯದಾಗಿತ್ತು. ಊರಿನ ಗುಡಿಯಲ್ಲಿ ಕುಮಾರವ್ಯಾಸ ಭಾರತ ವಾಚನ ಮಾಡುವ ಗಮಕಿ ಸಂಧಿಯನ್ನು ಎಲ್ಲಿ ಬಿಡಿಸಬೇಕು, ಯಾವ ಪದವನ್ನು ಎಳೆದು ಯಾವುದನ್ನು ತಡೆದು ಹೇಳಬೇಕು ಎಂದು ತಾನೇ ತೀರ್ಮಾನಿಸುತ್ತಿದ್ದ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ವೃಂದಾವನಸ್ಥರಾದ ಶ್ರೀಪಾದರಾಜರ ಕೀರ್ತನೆಗಳಲ್ಲಿ ಆ ಕೆಲಸ ತಾಳದ್ದು. ಸಂಸ್ಕೃತ ಛಂದಸ್ಸಿನಲ್ಲಿ ಪಾದದ ನಡುವೆ ನಿಲ್ಲಲು ಯತಿ ಎಂಬ ಸ್ಥಾನ ಗೊತ್ತುಮಾಡಿದ್ದರೂ ಹಳಗನ್ನಡದ ಕವಿಗಳು ಪ್ರಾಸವನ್ನು ಬಿಗಿಯಾಗಿ ಹಿಡಿದು ಯತಿಯನ್ನು ಸಡಿಲ ಬಿಟ್ಟರು. ಕೇಶಿರಾಜ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಸಂಧಿ, ನಾಮ, ಸಮಾಸ, ಆಖ್ಯಾತ ಎಲ್ಲಕ್ಕೂ ಒಂದೊಂದು ಪ್ರಕರಣ ಮಾಡಿದ. ಲೇಖನಚಿಹ್ನೆಗೆ ಪ್ರಕರಣವೂ ಇಲ್ಲ, ಸೂತ್ರವೂ ಇಲ್ಲ. ಅವನಿಗೆ ಅದು ಬೇಕಿರಲಿಲ್ಲ.

ಈಗ ನಾವು ಹಾಕುವ ಕಾಮಾ ಅಚ್ಚಿನ ಜೊತೆಗೆ ಬಂದದ್ದು. ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ ತನ್ನ ಪುಸ್ತಕಗಳಲ್ಲಿ ಬಳಸಿ ನೆಲೆಗೊಳಿಸಿದ ಆಕಾರ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಅಚ್ಚುಕೂಟಗಳ ಮೂಲಕ ಕನ್ನಡಕ್ಕೆ ಇಳಿಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದೇ 1843ರಲ್ಲಿ. ಅಂದರೆ ಸಾವಿರದೈನೂರು ವರ್ಷದ ಬರವಣಿಗೆಯಲ್ಲಿ ಕಾಮಾ ನಮ್ಮ ಜೊತೆ ಇರುವುದು ಇನ್ನೂರು ವರ್ಷದ ಆಸುಪಾಸು. ಹೊಸದು ಎಂದು ಕೀಳಾಗಿ ನೋಡಬೇಕಾಗಿಲ್ಲ. ಮೌನವಾಗಿ, ಬೇಗ ಬೇಗ ಓದುವವರಿಗೆ ಅದು ದೊಡ್ಡ ಉಪಕಾರ. ಇಂಗ್ಲಿಷಿನಲ್ಲಿ ಅದು ಎಷ್ಟು ಕೆಲಸ ಮಾಡುತ್ತದೋ ಕನ್ನಡದಲ್ಲೂ ಅಷ್ಟೇ ಮಾಡಬೇಕು ಎಂಬ ಹಟ ಮಾತ್ರ ಬೇಡ.

ಯಾಕೆ ಎಂದು ಹೇಳುತ್ತೇನೆ. ಮೊಬೈಲಿನಲ್ಲಿ ಓಡಾಡುವ ಆ ಇಂಗ್ಲಿಷ್ ತಮಾಷೆ ನೀನೂ ನೋಡಿರುತ್ತೀಯ. ಒಂದು ಕಾಮಾ ಬಿಟ್ಟರೆ ಅಜ್ಜಿಯನ್ನು ಊಟಕ್ಕೆ ಕರೆಯುವ ಮಾತು ಅಜ್ಜಿಯನ್ನೇ ತಿನ್ನುವ ಮಾತಾಗುತ್ತದೆ. ಅದನ್ನು ಕನ್ನಡದಲ್ಲಿ ಹೇಳಿ ನೋಡು. “ಅಜ್ಜಿ ತಿನ್ನೋಣ ಬಾ” ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಅಜ್ಜಿಗೆ ಅಪಾಯ ಬರಬೇಕಾದರೆ ‘ಅಜ್ಜಿಯನ್ನು’ ಎಂದು ದ್ವಿತೀಯಾ ವಿಭಕ್ತಿ ಹಚ್ಚಲೇಬೇಕು. ಹಿಂದಿಯವರ “ರೋಕೋ ಮತ್ ಜಾನೇ ದೋ” ಕೂಡ ಹಾಗೆಯೇ. ‘ಮತ್’ ಹಿಂದಿನದಕ್ಕೆ ಸೇರಿತೋ ಮುಂದಿನದಕ್ಕೆ ಸೇರಿತೋ ಎಂಬುದರ ಮೇಲೆ ಒಬ್ಬನ ಹಣೆಬರಹ ನಿಂತಿದೆ. ಕನ್ನಡದಲ್ಲಿ ‘ತಡೆ’ ಬೇರೆ, ‘ತಡೆಯಬೇಡ’ ಬೇರೆ. ನಿಷೇಧ ಬಂದಾಗ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಗೊಂದಲ ಹುಟ್ಟುವ ಮೊದಲೇ ಪ್ರತ್ಯಯ ಅದನ್ನು ತೀರಿಸಿರುತ್ತದೆ.

ಇದು ಬರೀ ತಮಾಷೆಯ ವಿಷಯವಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಕಂಪನಿಯೊಂದರ ಲಾರಿ ಚಾಲಕರು ಹೆಚ್ಚುವರಿ ಕೆಲಸದ ಸಂಬಳಕ್ಕಾಗಿ ಕೋರ್ಟಿಗೆ ಹೋದರು. ಹಾಳಾಗುವ ಆಹಾರ ಪದಾರ್ಥಗಳ ಯಾವ ಯಾವ ಕೆಲಸಕ್ಕೆ ಹೆಚ್ಚುವರಿ ಸಂಬಳ ಇಲ್ಲ ಎಂದು ಅಲ್ಲಿನ ಕಾನೂನು ಪಟ್ಟಿ ಕೊಟ್ಟಿತ್ತು. ಪಟ್ಟಿಯ ಕೊನೆಯಲ್ಲಿ ಸಾಗಣೆ, ವಿತರಣೆ ಎಂಬ ಎರಡರ ನಡುವೆ ಕಾಮಾ ಇರಲಿಲ್ಲ. ಸಾಗಣೆಗಾಗಲಿ ವಿತರಣೆಗಾಗಲಿ ಪ್ಯಾಕ್ ಮಾಡುವುದು ಎಂಬ ಒಂದೇ ಕೆಲಸ ಇದು, ನಾವು ಪ್ಯಾಕ್ ಮಾಡುವವರಲ್ಲ, ಆದ್ದರಿಂದ ಪಟ್ಟಿಗೆ ಸೇರುವುದಿಲ್ಲ ಎಂದು ಚಾಲಕರು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಮಾತು ಒಪ್ಪಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ ಪಟ್ಟಿಯನ್ನು ಕನ್ನಡದಲ್ಲಿ ಬರೆಯಲು ಕೂತರೆ ಮೊದಲೇ ಒಂದು ತೀರ್ಮಾನಕ್ಕೆ ಬರಬೇಕು. ‘ವಿತರಣೆಗಾಗಿ ಪ್ಯಾಕ್ ಮಾಡುವುದು’ ಎನ್ನಬೇಕು, ಇಲ್ಲವೇ ‘ವಿತರಿಸುವುದು’ ಎನ್ನಬೇಕು. ಎರಡಕ್ಕೂ ನಡುವೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಲು ನಮ್ಮ ವಿಭಕ್ತಿ ಬಿಡುವುದಿಲ್ಲ.

ಹಾಗೆಂದು ಬೀಗಬೇಡ. ನಮ್ಮ ಕನ್ನಡಕ್ಕೂ ಅದರದೇ ಗುಂಡಿಗಳಿವೆ. ನಮ್ಮ ಸುಪ್ರೀಂ ಕೋರ್ಟಿನ ಒಂದು ತೀರ್ಪು 1979ರ ಕಾನೂನು ವರದಿಗಳಲ್ಲಿದೆ. ಔಷಧಿ ಕಾಯ್ದೆಯ 27ನೆಯ ಕಲಮಿನಲ್ಲಿ ಮಾರಾಟಕ್ಕಾಗಿ ದಾಸ್ತಾನು ಮಾಡುವುದು, ಪ್ರದರ್ಶಿಸುವುದು ಎಂಬ ಮಾತು ಬರುತ್ತದೆ. ಇಂಗ್ಲಿಷ್ ಪಾಠದಲ್ಲಿ ದಾಸ್ತಾನಿನ ಮುಂದೆ ಕಾಮಾ ಇಲ್ಲದ್ದನ್ನು ಗಮನಿಸಿದ ನ್ಯಾಯಾಲಯ, ಬರೀ ಇಟ್ಟುಕೊಂಡದ್ದು ಅಪರಾಧವಲ್ಲ, ಮಾರುವುದಕ್ಕೆಂದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂದಿತು. ಕಾಯ್ದೆಯನ್ನು ಅರ್ಥ ಮಾಡುವಾಗ ಲೇಖನಚಿಹ್ನೆ ಸಣ್ಣ ಅಂಶ ಎಂದು 1952ರಲ್ಲಿ ಹೇಳಿದ್ದೂ ಇದೇ ನ್ಯಾಯಾಲಯ. ದೊಡ್ಡವರಿಗೇ ಎರಡು ಮನಸ್ಸು. ಈಗ ಕನ್ನಡಕ್ಕೆ ಬಾ. ನಮ್ಮಲ್ಲಿ ‘ಮಾರಾಟಕ್ಕಾಗಿ’ ಎಂಬುದು ಮುಂದೆ ಬಂದು ಕೂರುತ್ತದೆ. “ಮಾರಾಟಕ್ಕಾಗಿ ದಾಸ್ತಾನು ಮಾಡುವ, ಪ್ರದರ್ಶಿಸುವ, ಹಂಚುವ” ಎಂದರೆ ಆ ಮಾತಿನ ಹಿಡಿತ ದಾಸ್ತಾನಿಗೆ ಮುಗಿಯಿತೋ, ಹಂಚುವವರೆಗೂ ಹೋಯಿತೋ? “ನಾಟಿ ಟೊಮೆಟೊ, ಬದನೆ, ಕೊತ್ತಂಬರಿ ಸಿಗುತ್ತದೆ” ಎಂಬ ಬೋರ್ಡಿನಲ್ಲಿ ಬದನೆಯೂ ನಾಟಿಯೇ? ಇಂಥ ಕಡೆ ಕಾಮಾ ಹಿಂದೆ ಮುಂದೆ ಮಾಡಿ ಪ್ರಯೋಜನವಿಲ್ಲ. ನಾಟಿ ಟೊಮೆಟೊ ಒಂದೇ ಆದರೆ ಅದನ್ನು ಪಟ್ಟಿಯ ಕೊನೆಗೆ ತಳ್ಳು. “ಬದನೆ, ಕೊತ್ತಂಬರಿ, ನಾಟಿ ಟೊಮೆಟೊ.” ಮುಗಿಯಿತು. ಕಾಮಾ ಸೋತ ಕಡೆ ಪದದ ಜಾಗ ಬದಲಿಸಿದರೆ ಕೆಲಸ ಆಗುತ್ತದೆ ಎಂಬುದು ನೆನಪಿರಲಿ.

ಪಟ್ಟಿಯ ಮಾತು ಬಂತಲ್ಲ, ಹುಡುಗರು ಅತಿ ಹೆಚ್ಚು ಕೇಳುವುದು ಅದನ್ನೇ. ‘ಮತ್ತು’ವಿನ ಹಿಂದೆ ಕಾಮಾ ಬೇಕೆ ಬೇಡವೆ? ನನ್ನನ್ನು ಕೇಳಿದರೆ ‘ಮತ್ತು’ವೇ ಬೇಕೆ ಎಂದು ಕೇಳುತ್ತೇನೆ. ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿ ಯಾವ ಯಾವ ಹಣ್ಣು ಬಂದಿದೆ ಎಂದು ಕೇಳು. “ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಬಂದಿದೆ” ಎನ್ನುತ್ತಾರೆ. “ತೋತಾಪುರಿ ಮತ್ತು ನೀಲಂ” ಎಂದು ಯಾವ ದಲ್ಲಾಳಿಯೂ ಹೇಳುವುದಿಲ್ಲ. ಕನ್ನಡದ ಪಟ್ಟಿ ಕೊನೆಯ ಹೆಸರಿಗೇ ನಿಲ್ಲಬಲ್ಲದು. ಒಂದನ್ನೂ ಬಿಡದೆ ಎಲ್ಲ ಬಂದಿದೆ ಎಂದು ಒತ್ತಿ ಹೇಳಬೇಕಾದರೆ “ಬಾದಾಮಿಯೂ ರಸಪುರಿಯೂ ನೀಲಮ್ಮೂ” ಎಂದು ‘ಊ’ ಹಚ್ಚುತ್ತೇವೆ. ಹಾಗೆ ಹಚ್ಚಿದ ಮೇಲೆ ಕಾಮಾ ಬೇಡ. ಹಳಗನ್ನಡದಲ್ಲಿ ‘ಉಂ’ ಎಂದು ಇದ್ದದ್ದೇ ಇದು. ವಿಭಕ್ತಿಯನ್ನೂ ಕೊನೆಯ ಪದವೊಂದೇ ಹೊತ್ತುಕೊಂಡರೆ ಸಾಕು. “ಕೋಲಾರ, ಮಾಲೂರು, ಬಂಗಾರಪೇಟೆಗಳಲ್ಲಿ ಮಳೆಯಾಯಿತು” ಎಂದರೆ ಸರಿಹೋಯಿತು. ಇದಿಷ್ಟು ವ್ಯಾಕರಣ. ‘ಮತ್ತು’ ಹಾಕಿಯೇ ತೀರುತ್ತೇನೆ ಎಂದರೆ ಹಾಕು, ಅದರ ಹಿಂದೆ ಕಾಮಾ ಮಾತ್ರ ಬೇಡ. ಅದು ನನ್ನ ಅಭ್ಯಾಸ. ಜೋಡಿ ಮಾತುಗಳ ನಡುವೆಯೂ ಹಾಕಬೇಡ. ಹೊಲ ಗದ್ದೆ, ಮನೆ ಮಠ, ಅಪ್ಪ ಅಮ್ಮ ಇವು ಒಟ್ಟಿಗೇ ಬಾಳುವ ಮಾತುಗಳು.

ವಿಳಾಸ, ತಾರೀಖುಗಳಲ್ಲೂ ಇದೇ ಪಾಠ. ಲಕೋಟೆಯ ಮೇಲೆ “ಮಾಸ್ತಿ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ” ಎಂದು ಕಾಮಾ ಹಾಕಿಯೇ ಬರೆಯಬೇಕು. ಏಕೆಂದರೆ ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಆ ಕ್ರಮ ಅಂಚೆಯವರು ಕಲಿಸಿದ್ದು. ವಾಕ್ಯದೊಳಗೆ ಅದನ್ನು ಹಾಗೇ ತಂದು ತುರುಕಬೇಡ. “ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮಾಸ್ತಿ” ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿ. ಒಂದು ಕಾಮಾವೂ ಬೇಕಾಗುವುದಿಲ್ಲ. ತಾರೀಖೂ ಹಾಗೆಯೇ. ಮಾಸ್ತಿ ವೆಂಕಟೇಶ ಅಯ್ಯಂಗಾರರು “ಜೂನ್ 6, 1891ರಂದು” ಹುಟ್ಟಿದರು ಎಂದು ಬರೆದರೆ ಒಂದು ಕಾಮಾ. “1891ರ ಜೂನ್ 6ರಂದು” ಹುಟ್ಟಿದರು ಎಂದರೆ ಅದೂ ಇಲ್ಲ.

ಅರ್ಜಿ ಬರೆಯುವುದನ್ನು ಶಾಲೆಯಲ್ಲಿ ಕಲಿತಿದ್ದೀಯಲ್ಲ, ಅದನ್ನು ಇವತ್ತು ಇನ್ನೊಂದು ಸಲ ನೋಡು. ಮೇಲೆ ಎಡಕ್ಕೆ “ಇಂದ,” ಎಂದು ಬರೆದು ಕೆಳಗೆ ಹೆಸರು. ಆಮೇಲೆ “ಗೆ,” ಎಂದು ಬರೆದು ಕೆಳಗೆ ಮಾನ್ಯ ತಹಶೀಲ್ದಾರರು. ‘ಇಂದ’, ‘ಗೆ’ ಎರಡೂ ವಿಭಕ್ತಿ ಪ್ರತ್ಯಯಗಳು. ಪ್ರಕೃತಿ ಇಲ್ಲದೆ ಪ್ರತ್ಯಯ ಒಂಟಿಯಾಗಿ ನಿಲ್ಲಬಾರದು ಎಂದು ಬೆಳಗ್ಗೆ ವ್ಯಾಕರಣದ ಪಾಠದಲ್ಲಿ ಹೇಳಿ, ಮಧ್ಯಾಹ್ನ ಪತ್ರಲೇಖನದ ಪಾಠದಲ್ಲಿ ಅದನ್ನೇ ಒಂಟಿಯಾಗಿ ನಿಲ್ಲಿಸಿ ಊರುಗೋಲಿಗೆ ಒಂದು ಕಾಮಾ ಕೊಡುತ್ತೇವೆ. ಇಂಗ್ಲಿಷ್ ಅರ್ಜಿಯ ನಮೂನೆಯನ್ನು ಹಾಗೇ ಇಳಿಸಿಕೊಂಡ ಫಲ ಇದು. ಕಚೇರಿಯಲ್ಲಿ ಅದು ರೂಢಿಯಾಗಿದೆ, ಅರ್ಜಿಯಲ್ಲಿ ಹಾಗೇ ಬರೆ. ನಿನ್ನ ಕತೆ, ಲೇಖನಗಳಲ್ಲಿ ಬರುವ ಎಷ್ಟೋ ಕಾಮಾಗಳು ಇದೇ ದಾರಿಯಲ್ಲಿ ಬಂದವು ಎಂಬುದನ್ನು ಮಾತ್ರ ತಿಳಿದಿರು. “ಇದಲ್ಲದೆ,” “ಆದಾಗ್ಯೂ,” “ಹೀಗಾಗಿ,” ಎಂದು ಸಾಲಿನ ಮೊದಲ ಪದಕ್ಕೇ ಕಾಮಾ ಬಿದ್ದಿದ್ದರೆ ವಾಕ್ಯ ಇಂಗ್ಲಿಷಿನಲ್ಲಿ ಹುಟ್ಟಿತೇ ಎಂದು ಅನುಮಾನಪಡು. ಮೊಬೈಲಿನ ಅನುವಾದವನ್ನು ನಂಬಿ ಬರೆಯುವವರಲ್ಲಿ ಇದು ಈಗ ತೀರಾ ಹೆಚ್ಚಾಗಿದೆ.

ಇಲ್ಲಿಯವರೆಗೆ ಬೇಡವಾದ ಜಾಗಗಳಾದವು. ಬೇಕೇ ಬೇಕಾದ ಜಾಗಗಳಿಗೆ ಈಗ ಬರೋಣ.

ಮೊದಲನೆಯದು ಕರೆಯುವ ಮಾತು. “ಅಣ್ಣ ಬಂದ” ಎಂದರೆ ಬಂದವನು ಅಣ್ಣ. “ಅಣ್ಣ, ಬಂದ” ಎಂದರೆ ಬಂದವನು ಬೇರೆ ಯಾರೋ, ಅಣ್ಣನಿಗೆ ಸುದ್ದಿ ಮುಟ್ಟಿಸುತ್ತಿದ್ದೇವೆ. ‘ಅಣ್ಣಾ’ ಎಂದು ದೀರ್ಘ ಎಳೆದರೆ ಸಂಬೋಧನೆ ತಾನಾಗೇ ಗೊತ್ತಾಗುತ್ತದೆ. ಎಳೆಯದಿದ್ದರೆ ಕಾಮಾ ಬಿಡಬೇಡ. ಹೌದು, ಇಲ್ಲ, ಬೇಡ, ಸರಿ ಎಂದು ಉತ್ತರ ಕೊಟ್ಟು ಮಾತು ಮುಂದುವರಿಸುವಾಗಲೂ ಬಿಡಬೇಡ. “ಇಲ್ಲ, ಬರುತ್ತೇನೆ” ಎಂಬಲ್ಲಿ ಆ ಗುರುತೇ ಮಾತಿನ ಅರ್ಥ.

ಎರಡನೆಯದು ಕನ್ನಡಕ್ಕೇ ವಿಶೇಷವಾದ ಬಲೆ. ಬಂದ, ಕೊಟ್ಟ, ಹೋದ, ಮಾಡಿದ ಎಂಬ ರೂಪಗಳು ಎರಡು ಕೆಲಸ ಮಾಡುತ್ತವೆ. ‘ಬಂದ ಮನುಷ್ಯ’ ಎಂಬಲ್ಲಿ ಅದು ಕೃದಂತ, ಮುಂದಿನ ನಾಮಪದಕ್ಕೆ ವಿಶೇಷಣ. ‘ಅವನು ಬಂದ’ ಎಂಬಲ್ಲಿ ಪೂರ್ಣ ಕ್ರಿಯಾಪದ. ಈಗ ಇದನ್ನು ನೋಡು. “ದುಡ್ಡು ಕೊಟ್ಟ ಮಂಡಿಯವನ ತಮ್ಮ ಹೊರಟುಹೋದ.” ಇದಕ್ಕೊಂದು ಕಾಮಾ ಹಾಕಿ ನೋಡು. “ದುಡ್ಡು ಕೊಟ್ಟ, ಮಂಡಿಯವನ ತಮ್ಮ ಹೊರಟುಹೋದ.” ಎರಡನೆಯದರಲ್ಲಿ ಯಾರೋ ದುಡ್ಡು ಕೊಟ್ಟು ಆಯಿತು, ಆಮೇಲೆ ತಮ್ಮ ಹೋದ. ಮೊದಲನೆಯದರಲ್ಲಿ ಕೊಟ್ಟವನು ಮಂಡಿಯವನೋ ಅವನ ತಮ್ಮನೋ ಎಂಬ ಇನ್ನೊಂದು ತೊಡಕು ಉಳಿದೇ ಇದೆ. ಆ ತೊಡಕು ಬಿಡಿಸಲು ಕಾಮಾ ಹಾಕಹೋದೆಯೋ, ಕೃದಂತ ಹೋಗಿ ಕ್ರಿಯಾಪದವಾಯಿತು. “ಮಂಡಿಯವನ ತಮ್ಮ ದುಡ್ಡು ಕೊಟ್ಟು ಹೊರಟುಹೋದ” ಎಂದು ತಿರುಗಿಸಿ ಬರೆಯುವುದೊಂದೇ ದಾರಿ. ಕೊಟ್ಟಳು, ಕೊಟ್ಟರು ಎಂಬಲ್ಲಿ ಈ ಬಲೆಯೇ ಇಲ್ಲ. ಬಹುವಚನ ಹಾಕಿ ಮರ್ಯಾದೆ ಕೊಟ್ಟು ಮಾತಾಡುವವರಿಗೆ ವ್ಯಾಕರಣವೂ ಅನುಕೂಲ ಮಾಡಿಕೊಡುತ್ತದೆ ಎಂದು ತರಗತಿಯಲ್ಲಿ ನಗಿಸುತ್ತಿದ್ದೆ.

ಮೂರನೆಯದು, ಒಂದು ಮಾತು ಹತ್ತಿರದ ಕ್ರಿಯೆಗೆ ಸೇರಬೇಕೋ ದೂರದ ಕ್ರಿಯೆಗೆ ಸೇರಬೇಕೋ ಎಂಬಲ್ಲಿ. “ಅಳುತ್ತಾ ಓಡಿಬಂದ ಮಗುವನ್ನು ತಾಯಿ ಎತ್ತಿಕೊಂಡಳು.” ಅತ್ತದ್ದು ಮಗು. “ಅಳುತ್ತಾ, ಓಡಿಬಂದ ಮಗುವನ್ನು ತಾಯಿ ಎತ್ತಿಕೊಂಡಳು.” ಈಗ ಅತ್ತದ್ದು ತಾಯಿ. ಪ್ರತ್ಯಯ ಒಂದೂ ಬದಲಾಗಲಿಲ್ಲ, ಪದದ ಜಾಗ ಬದಲಾಗಲಿಲ್ಲ, ಕಣ್ಣೀರು ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು. ಕಾಮಾ ನಿಜವಾಗಿ ಸಂಬಳ ಸಂಪಾದಿಸುವುದು ಇಂಥ ಕಡೆ.

ಅಂಕಿಗಳಲ್ಲಿ ನಿನ್ನ ಇಷ್ಟ ಯಾವುದೂ ನಡೆಯದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆ 2,000ದಲ್ಲಿ ಕಾಮಾ ಎಲ್ಲಿರಬೇಕು ಎಂದು ಯಾರೂ ಚರ್ಚೆ ಮಾಡುವುದಿಲ್ಲ. ನಮ್ಮ ಲಕ್ಷ 1,00,000. ಪಾಶ್ಚಾತ್ಯರ ಲೆಕ್ಕದಲ್ಲಿ ಅದೇ 100,000. ಕನ್ನಡ ಲೇಖನದಲ್ಲಿ ನಮ್ಮದೇ ಇರಲಿ. ಸರ್ವೆ ನಂಬರುಗಳನ್ನು ಸಾಲಾಗಿ ಬರೆಯುವಾಗ ಇನ್ನೂ ಎಚ್ಚರ ಬೇಕು. “ಸರ್ವೆ ನಂಬರ್ 2,100” ಎಂದು ಒತ್ತಾಗಿ ಬರೆದರೆ ಎರಡೂ ನೂರೂ ಎಂಬ ಎರಡು ಜಮೀನೋ, ಎರಡು ಸಾವಿರದ ನೂರು ಎಂಬ ಒಂದೋ? ಕಾಮಾದ ಮುಂದೆ ಜಾಗ ಬಿಡು, ಸಾಧ್ಯವಾದರೆ “2 ಮತ್ತು 100” ಎಂದೇ ಬರೆ. ಪಟ್ಟಿಯಲ್ಲಿ ನಾನು ದೂರವಿಟ್ಟ ‘ಮತ್ತು’ ಇಲ್ಲಿ ಬೇಕು.

ದಸ್ತಾವೇಜು ಬರಹಗಾರರು ಕಾಮಾದ ಈ ಅಪಾಯವನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದರು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕ್ರಯಪತ್ರ ಇದ್ದರೆ ತೆಗೆದು ಓದು. ಇಂಥವರ ಮಗನಾದ ಇಂಥವನು ಇಂಥವರಿಗೆ ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ ಎಂದು ಶುರುವಾದ ವಾಕ್ಯ ಎರಡು ಪುಟ ದಾಟಿದರೂ ಮುಗಿಯುವುದಿಲ್ಲ. ಕಾಮಾ ಹುಡುಕಿದರೂ ಸಿಗದು. ಆದರೂ ಅರ್ಥ ತಪ್ಪುವುದಿಲ್ಲ. ಪೂರ್ವಕ್ಕೆ ಇದು, ಪಶ್ಚಿಮಕ್ಕೆ ಅದು ಎಂದು ಚಕ್ಕುಬಂದಿಯನ್ನು ‘ಕ್ಕೆ’ ಪ್ರತ್ಯಯ ಹಿಡಿದಿರುತ್ತದೆ, ಮಿಕ್ಕದ್ದನ್ನು ‘ಆಗಿಯೂ’, ‘ಆದ್ದರಿಂದ’, ‘ಸಹ’ಗಳು ಹಿಡಿದಿರುತ್ತವೆ. ಹಣವನ್ನು ಅಂಕಿಯಲ್ಲಿ ಬರೆದು ಮತ್ತೆ ಅಕ್ಷರದಲ್ಲೂ ಬರೆಯುತ್ತಾರೆ. ಆಮೇಲೆ ಯಾರೋ ಪೆನ್ನಿನಲ್ಲಿ ಒಂದು ಸಣ್ಣ ಬಾಲ ಎಳೆದರೂ ಏನೂ ಬದಲಾಗಬಾರದು ಎಂಬ ಎಚ್ಚರ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆ ಉಸಿರುಗಟ್ಟುವ ಶೈಲಿಯಲ್ಲಿ ನೀನು ಬರೆಯಬೇಕಾಗಿಲ್ಲ. ಕನ್ನಡದ ಪ್ರತ್ಯಯಗಳು ಎಷ್ಟು ಭಾರ ಹೊರಬಲ್ಲವು ಎಂಬುದನ್ನು ನೋಡಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಇನ್ನು ಉಳಿದದ್ದು ಇಷ್ಟದ ಜಾಗ. ಇಲ್ಲಿ ನನ್ನ ಮಾತು ಕೇಳು, ಒಪ್ಪಲೇಬೇಕು ಎಂದೇನಿಲ್ಲ.

“ಎಂದು” ಎಂಬುದರ ಹಿಂದೆ ನಾನು ಕಾಮಾ ಹಾಕುವುದಿಲ್ಲ. ಅದು ಹಿಂದಿನ ಮಾತನ್ನು ಹಿಡಿದು ನಿಂತ ಪದ, ನಡುವೆ ಗೆರೆ ಎಳೆಯಬಾರದು. ಆಡಿದವರ ಹೆಸರು ಮೊದಲು ಬಂದು ಆಡಿದ ಮಾತು ಉದ್ದವಾಗಿದ್ದರೆ ಹೆಸರಿನ ಮುಂದೆ ಹಾಕುತ್ತೇನೆ. “ಅಧಿಕಾರಿಗಳು, ಬೇಸಿಗೆಗೆ ಮುಂಚೆ ಕೆರೆಗಳ ಹೂಳು ತೆಗೆಸಲಾಗುವುದು ಎಂದರು” ಎಂಬ ಹಾಗೆ. ಪತ್ರಿಕೆಯವರಿಗೆ ಇದು ರೂಢಿ. “ಆದರೆ”ಯ ಹಿಂದೆ ಹಾಕುವುದಿಲ್ಲ, ಹಿಂದಿನ ವಾಕ್ಯವನ್ನೇ ಮುಗಿಸಿಬಿಡುತ್ತೇನೆ. ಹಾಕುವವರನ್ನು ತಪ್ಪು ಎನ್ನಲಾರೆ. ಎರಡು ವಿಶೇಷಣಗಳ ನಡುವೆ, ಅಂದರೆ “ಹಳೆಯ ದೊಡ್ಡ ಹುಣಸೆಮರ” ಎಂಬಂಥ ಕಡೆ, ಹಾಕಬೇಕೇ ಬೇಡವೇ ಎಂಬುದು ನನಗೆ ಈ ವಯಸ್ಸಿನಲ್ಲೂ ಬಗೆಹರಿದಿಲ್ಲ. ಒಂದು ದಿನ ಹಾಕಿದ್ದನ್ನು ಮಾರನೆಯ ದಿನ ತೆಗೆಯುತ್ತೇನೆ.

ಇಷ್ಟದ ಜಾಗಗಳಲ್ಲಿ ದೊಡ್ಡದು ಮಾಡಿ, ನೋಡಿ, ಹೋಗಿ, ಬಂದು ಎಂಬ ಸಾಲು. “ಬೆಳಗಿನ ಜಾವ ಎದ್ದು ಬಾಕ್ಸು ತುಂಬಿ ಗಾಡಿಗೆ ಹೇರಿ ಮಂಡಿಗೆ ಬಂದ.” ವ್ಯಾಕರಣಕ್ಕೆ ಇಲ್ಲಿ ಕಾಮಾ ಬೇಡ. ಹೀಗೆ ಬಿಟ್ಟರೆ ನಾಲ್ಕು ಕೆಲಸವೂ ಒಂದೇ ಓಟದಲ್ಲಿ ಮುಗಿಯುತ್ತವೆ, ಮನುಷ್ಯ ಚುರುಕಾಗಿ ಕಾಣುತ್ತಾನೆ. “ಎದ್ದು, ಬಾಕ್ಸು ತುಂಬಿ, ಗಾಡಿಗೆ ಹೇರಿ, ಮಂಡಿಗೆ ಬಂದ” ಎಂದರೆ ಒಂದೊಂದು ಕೆಲಸವೂ ಬೇರೆಯಾಗಿ ಅವನ ಸೊಂಟದ ನೋವು ಕಾಣಿಸಲು ಶುರುವಾಗುತ್ತದೆ. ನಿನ್ನ ಕತೆಗೆ ಯಾವುದು ಬೇಕೋ ನೋಡಿ ಹಾಕು.

ಗಟ್ಟಿಯಾಗಿ ಓದು, ಉಸಿರು ನಿಂತ ಕಡೆ ಕಾಮಾ ಹಾಕು ಎಂದು ಬಹಳ ಮಂದಿ ಹೇಳುತ್ತಾರೆ. ಆ ಮಾತು ಅರ್ಧ ನಿಜ. ಗಟ್ಟಿಯಾಗಿ ಓದಿದರೆ ತೊಡಕು ಎಲ್ಲಿದೆ ಎಂದು ಸಿಕ್ಕಿಬೀಳುತ್ತದೆ, ಅದಕ್ಕೆ ಓದಲೇಬೇಕು. ಉಸಿರು ಮಾತ್ರ ಅಳತೆಯಾಗಲಾರದು. ನನ್ನ ಉಸಿರು ನಿನ್ನದಕ್ಕಿಂತ ಗಿಡ್ಡ. ನಾನು ನಿಂತಲ್ಲೆಲ್ಲ ಹಾಕುತ್ತಾ ಹೋದರೆ ನಿನಗೆ ನಡಿಗೆಯೇ ಕಷ್ಟವಾಗುತ್ತದೆ. ನಮ್ಮ ಗಡಿ ಕಡೆಯಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಆಡುವವರು ಬೇಕಾದಷ್ಟು. ಎಳೆದು ನಿಲ್ಲಿಸುವ ರಾಗ ಊರೂರಿಗೆ ಬೇರೆ. ಉಸಿರನ್ನು ನಂಬಿ ಕೂತರೆ ಮಾಲೂರಿನವರದೊಂದು ಕಾಮಾ, ಶ್ರೀನಿವಾಸಪುರದವರದೊಂದು ಕಾಮಾ ಆದೀತು.

ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ವಾಕ್ಯ ಶುರುವಾದಾಗ ದೊಡ್ಡಕ್ಷರ ಬರುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ವಾಕ್ಯ ಮುಗಿಯಿತು ಎಂದು ಹೇಳಲು ನಮಗೆ ಆ ಒಂದು ಚುಕ್ಕಿ ಬಿಟ್ಟರೆ ಚಿಹ್ನೆಯ ಸಾಕ್ಷಿ ಬೇರೆ ಇಲ್ಲ. ಅದಕ್ಕೇ ಪೂರ್ಣವಿರಾಮ ಇರಬೇಕಾದ ಕಡೆ ಕಾಮಾ ಹಾಕಿ ವಾಕ್ಯ ವಾಕ್ಯಗಳನ್ನು ಪೋಣಿಸುತ್ತಾ ಹೋಗುವುದು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಅನುಮಾನ ಬಂದರೆ ಕಾಮಾ ತೆಗೆದು ಚುಕ್ಕಿ ಇಡು.

ಈ ಜಿಲ್ಲೆಯಲ್ಲೇ ಇಬ್ಬರು ದೊಡ್ಡ ಗದ್ಯಕಾರರು ಹುಟ್ಟಿದರು. ಡಿ.ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ, ಮಾಸ್ತಿಯವರು ನಾಲ್ಕು ವರ್ಷದ ಮೇಲೆ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಇಬ್ಬರೂ ಪತ್ರಿಕೆ ನಡೆಸಿದವರು. ಮಾಸ್ತಿಯವರು ‘ಜೀವನ’ವನ್ನು 1944ರಿಂದ ಎರಡು ದಶಕ ಕಾಲ ನೋಡಿಕೊಂಡರು. ಮಾಸ್ತಿಯವರ ಕತೆ ಓದಿದರೆ ಜಗುಲಿಯಲ್ಲಿ ಕೂತು ಹೇಳುವವರ ದನಿ ಕೇಳುತ್ತದೆ. ವಾಕ್ಯ ಚಿಕ್ಕದು, ಒಂದು ಮುಗಿದು ಇನ್ನೊಂದು ಬರುತ್ತದೆ, ನಡುವೆ ಗುರುತಿನ ಗದ್ದಲವಿಲ್ಲ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ವಾದ ಹೂಡಿ, ಭಾಗ ಮಾಡಿ, ಒಂದೊಂದನ್ನೂ ಎತ್ತಿ ತೋರಿಸುವ ವಾಕ್ಯಗಳು ಸಿಗುತ್ತವೆ. ಅಲ್ಲಿ ಗುರುತುಗಳು ಹೆಚ್ಚು, ಅವಕ್ಕೆ ಕೆಲಸವೂ ಹೆಚ್ಚು. ಅವರದೇ ‘ಕಗ್ಗ’ದ ಪದ್ಯಗಳ ಕೊನೆಗೆ ಮಂಕುತಿಮ್ಮನನ್ನು ಕರೆಯುವ ಮುನ್ನ ಅಚ್ಚಿನಲ್ಲಿ ಒಂದು ಅಡ್ಡಗೆರೆ ಬರುತ್ತದೆ. ಸಂಬೋಧನೆಗೆ ಕಾಮಾ ಬೇಕು ಎಂದು ಆಗಲೇ ಹೇಳಿದೆನಲ್ಲ, ಅದರ ಜಾಗದಲ್ಲಿ ಆ ಗೆರೆ. ಒಂದೇ ಜಿಲ್ಲೆ, ಒಂದೇ ಕಾಲ, ಎರಡು ರೀತಿ. ಯಾರದು ಸರಿ ಎಂದು ಕೇಳುವುದು ಮೂರ್ಖತನ.

ಮುಂದೆ ನೀನು ಬೇರೆಯವರ ಬರಹ ತಿದ್ದುವ ಕೆಲಸಕ್ಕೆ ಹೋದರೆ ಇದನ್ನು ನೆನಪಿಡು. ಅರ್ಥ ಕೆಡುವ ಕಡೆ ಧೈರ್ಯವಾಗಿ ಕೈಹಾಕು. ಇಷ್ಟದ ಜಾಗದಲ್ಲಿ ಅವರದನ್ನು ಅವರಿಗೇ ಬಿಡು. ಒಂದು ಲೇಖನದೊಳಗೆ ಒಂದೇ ರೀತಿ ಇರಲಿ ಎಂದು ಕೇಳಬಹುದು. ನನ್ನ ರೀತಿ ಇರಲಿ ಎಂದು ಕೇಳಬಾರದು.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಮಾಸ್ತಿಯವರ ಯಾವುದಾದರೂ ಕತೆಯ ಒಂದು ಪುಟವನ್ನು ಕಾಮಾ, ಚುಕ್ಕಿ ಏನೂ ಇಲ್ಲದೆ ಕೈಯಲ್ಲಿ ಬರೆದುಕೋ. ವಾರ ಬಿಟ್ಟು, ಪುಸ್ತಕ ನೋಡದೆ, ನಿನಗೆ ಬೇಕೆನ್ನಿಸಿದ ಕಡೆ ಗುರುತು ಹಾಕು. ಆಮೇಲೆ ಪುಸ್ತಕ ತೆಗೆದು ಪಕ್ಕದಲ್ಲಿಟ್ಟು ನೋಡು. ಬಹಳ ಕಡೆ ಎರಡೂ ಒಂದೇ ಆಗಿರುತ್ತದೆ. ಬೇರೆಯಾದ ಕಡೆಗಳನ್ನು ಮಾತ್ರ ಪಟ್ಟಿ ಮಾಡಿಕೊಂಡು, ಒಂದೊಂದಕ್ಕೂ ಅದು ಬೇಡದ ಜಾಗವೋ, ಬೇಕಾದ ಜಾಗವೋ, ಇಷ್ಟದ ಜಾಗವೋ ಎಂದು ಎದುರಿಗೆ ಬರೆ. ಪುಸ್ತಕದಲ್ಲಿದ್ದದ್ದೇ ಸರಿ ಎಂದುಕೊಂಡು ನಿನ್ನದನ್ನು ಅಳಿಸಬೇಡ. ಅದರಲ್ಲಿ ಮಾಸ್ತಿಯವರ ಕೈಯ ಜೊತೆಗೆ ಮೊಳೆ ಜೋಡಿಸಿದವರ ಕೈ, ಕರಡು ತಿದ್ದಿದವರ ಕೈ, ಮರುಮುದ್ರಣ ಮಾಡಿದವರ ಕೈ ಎಲ್ಲ ಸೇರಿರಬಹುದು. ನಿನ್ನ ಪಟ್ಟಿ ಎಷ್ಟು ಉದ್ದವಾಯಿತು ಎಂಬುದನ್ನು ನನಗೆ ತಿಳಿಸಬೇಕಾಗಿಲ್ಲ. ಇಷ್ಟದ ಜಾಗ ಎಂದು ಬರೆದ ಕಡೆ ನಿನ್ನ ಇಷ್ಟಕ್ಕೆ ಕಾರಣ ಏನು ಎಂದು ಒಂದೇ ಒಂದು ಸಾಲು ಬರೆದುಕೊಂಡು ಬಾ, ಕೂತು ಜಗಳ ಆಡೋಣ.